ಗೊತ್ತಿದ್ದೂ ಹೇಳದಿದ್ರೆ ತಲೆ ಸಾವಿರ ಹೋಳು

ಹೋದ ತಿಂಗಳು ಇದೇ ಕಾಲಂನಲ್ಲಿ ಪ್ಯಾಟ್ರಿಕ್ ನೆಸ್ ಬರೆದ 'ಎ ಮಾನ್‌ಸ್ಟರ್ ಕಾಲ್ಸ್' ಅನ್ನೋ ಮಕ್ಕಳ ಕಾದಂಬರಿ ಬಗ್ಗೆ ಅರ್ಧ ಪುಟ ಬರೆದಿದ್ದೆ, ಅಷ್ಟಕ್ಕೇ ಇಷ್ಟು ಪತ್ರ ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಹಾಗಾಗಿ ಬೇರೆ ಪುಸ್ತಕಗಳ ಪ್ರಶ್ನೆನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಈ ಸಲ ಇದೊಂದನ್ನೇ ಹಿಡ್ಕೊಂಡಿದೀನಿ. ಓದದೇ ಇದ್ದೋರಿಗೆ ಕಥೆ ಇಷ್ಟು. ಇಂಗ್ಲೆಂಡಿನಲ್ಲಿ ಕಾನರ್ ಅಂತ 13 ವರ್ಷದ ಹುಡುಗ, ಅವನ ಅಮ್ಮಂಗೆ ದೊಡ್ಡ ಕಾಯಿಲೆ, ಟ್ರೀಟ್‌ಮೆಂಟಿಗೆ ತಲೆಕೂದಲೆಲ್ಲ ಉದುರಿ ಹೋಗಿದೆ, ಅಪ್ಪ ಅಮೆರಿಕದಲ್ಲಿ ಇನ್ನೊಂದು ಮದುವೆಯಾಗಿ ಮಗು ಮಾಡ್ಕೊಂಡು ಇದಾನೆ, ಅಜ್ಜಿ ಇದಾಳೆ ಆದ್ರೆ ಅವಳು ಅಜ್ಜಿ ಥರ ಇಲ್ಲ. ಒಂದು ರಾತ್ರಿ 12:07ಕ್ಕೆ ಮನೆ ಹಿಂದಿನ ಸ್ಮಶಾನದಲ್ಲಿರೋ ಯೂ ಮರ ಎದ್ದು ನಡ್ಕೊಂಡು ಕಿಟಕಿ ಹತ್ರ ಬರುತ್ತೆ. ನಾನು ನಿಂಗೆ ಮೂರು ಕಥೆ ಹೇಳ್ತೀನಿ, ನಾಲ್ಕನೇದು ನೀನು ನಂಗೆ ಹೇಳಬೇಕು, ಅದು ನಿಜ ಆಗಿರಬೇಕು ಅನ್ನುತ್ತೆ. ಕೊನೆ ಗೊತ್ತಾದ್ರೆ ಓದೋ ಮಜಾ ಹೋಗುತ್ತೆ ಅನ್ನೋರು ಇಲ್ಲಿಗೇ ಪುಟ ತಿರುಗಿಸಿಬಿಡಿ, ಯಾಕಂದ್ರೆ ಮುಂದೆ ನಾನು ಏನನ್ನೂ ಮುಚ್ಚಿಟ್ಟಿಲ್ಲ.

ಪ್ರಶ್ನೆ: ಮಾನ್‌ಸ್ಟರ್ ನಿಜವಾಗ್ಲೂ ಬರುತ್ತಾ ಅಥವಾ ಕಾನರ್‌ನ ಕಲ್ಪನೆನಾ? ನಮ್ಮ ಕ್ಲಾಸಲ್ಲಿ ಇದಕ್ಕೆ ಜಗಳ ಆಗಿದೆ. (9ನೇ ತರಗತಿ ವಿದ್ಯಾರ್ಥಿನಿ, ಶಿವಮೊಗ್ಗ)

ಜಗಳ ಮುಂದುವರಿಸಿ, ಚೆನ್ನಾಗಿದೆ. ಲೇಖಕ ಬೇಕಂತಲೇ ಎರಡೂ ಕಡೆಗೂ ಸಾಕ್ಷಿ ಇಟ್ಟಿದಾನೆ. ಮೊದಲ ರಾತ್ರಿ ಆದ್ಮೇಲೆ ಬೆಳಿಗ್ಗೆ ಎದ್ದು ನೋಡಿದ್ರೆ ರೂಮಿನ ನೆಲದ ತುಂಬ ಯೂ ಮರದ ಎಲೆ, ಇನ್ನೊಂದು ಸಲ ಕೆಂಪು ಹಣ್ಣು, ಆಮೇಲೆ ಹಲಗೆ ನೆಲದ ಗಂಟಿನಿಂದ ಒಂದು ಪುಟ್ಟ ಗಿಡವೇ ಎದ್ದಿರುತ್ತೆ. ಕಾನರ್ ಗುಡಿಸ್ತಾನೆ, ಮೂಟೆ ಕಟ್ತಾನೆ, ಯಾರಿಗೂ ಹೇಳಲ್ಲ. ಆದ್ರೆ ಮಾನ್‌ಸ್ಟರ್ ಮುರಿದು ಹಾಕ್ತು ಅಂತ ಅವನು ಅನ್ಕೊಂಡಿದ್ದನ್ನೆಲ್ಲ ಮುರಿದಿರೋದು ಅವನ ಕೈಯೇ, ಅದೂ ಪುಸ್ತಕದಲ್ಲೇ ಇದೆ.

ನಂಗೆ ಇದನ್ನ ಓದ್ತಾ ಓದ್ತಾ ನೆನಪಾಗಿದ್ದು ನಮ್ಮ ಬೇತಾಳ. ನೀವು ಓದಿದೀರೋ ಇಲ್ವೋ, ನಮ್ಮ ಕಾಲದಲ್ಲಿ ಚಂದಮಾಮ ಬಂದ ತಕ್ಷಣ ಎಲ್ರೂ ಮೊದಲು ತೆಗೀತಿದ್ದಿದ್ದು ಅದೇ ಪುಟ. ಮರದಲ್ಲಿ ನೇತಾಡೋ ಹೆಣ, ಅದರೊಳಗೆ ಬೇತಾಳ, ರಾಜನ ಹೆಗಲೇರಿ ಕಥೆ ಹೇಳುತ್ತೆ, ಕೊನೆಗೆ ಒಂದು ಪ್ರಶ್ನೆ ಕೇಳುತ್ತೆ, ಉತ್ತರ ಗೊತ್ತಿದ್ದೂ ಹೇಳದಿದ್ರೆ ನಿನ್ನ ತಲೆ ಸಾವಿರ ಹೋಳಾಗುತ್ತೆ ಅಂತ ಹೆದರಿಸುತ್ತೆ. ಬೇತಾಳ ನಿಜನಾ ರಾಜನ ಕಲ್ಪನೆನಾ ಅಂತ ನಾವ್ಯಾರೂ ಕೇಳ್ಲೇ ಇಲ್ಲ ನೋಡಿ, ನಮಗೆ ಬೇಕಾಗಿದ್ದಿದ್ದು ಪ್ರಶ್ನೆಗೆ ಉತ್ತರ ಏನು ಅನ್ನೋದು. ಈ ಯೂ ಮರವೂ ಅದೇ ಜಾತಿ, ನಾಲ್ಕನೇ ಕಥೆ ಹೇಳದಿದ್ರೆ ತಿಂದುಹಾಕ್ತೀನಿ ಅನ್ನುತ್ತೆ. ಮಜಾ ಏನಂದ್ರೆ ಕಾನರ್‌ಗೆ ಮಾನ್‌ಸ್ಟರ್ ಕಂಡ್ರೆ ಮೊದಲಿಂದ್ಲೂ ಭಯವೇ ಇಲ್ಲ, ನಿನಗಿಂತ ಭಯಂಕರವಾದ್ದನ್ನ ನೋಡಿದೀನಿ ಹೋಗು ಅನ್ನೋ ಥರ ಇರ್ತಾನೆ. ಅವನ ಭಯ ದಿನಾ ಬೀಳೋ ಒಂದು ಕೆಟ್ಟ ಕನಸಿಂದು, ಅದರಲ್ಲಿ ಏನಾಗುತ್ತೆ ಅನ್ನೋದು ಅವನಿಗೆ ಗೊತ್ತು, ಗೊತ್ತಿದ್ದೂ ಹೇಳ್ತಿಲ್ಲ. ಹಾಗಾಗಿ ನನ್ನ ಪ್ರಕಾರ ನಿಮ್ಮ ಕ್ಲಾಸಿನ ಜಗಳ ಮರದ ಬಗ್ಗೆ ಆಗೋ ಬದಲು ಆ ಕನಸಿನ ಬಗ್ಗೆ ಆಗಬೇಕು.

ಪ್ರಶ್ನೆ: ಕವರ್ ಮೇಲೆ ಎರಡು ಹೆಸರಿದೆ, ಪ್ಯಾಟ್ರಿಕ್ ನೆಸ್ ಮತ್ತು ಶಿವಾನ್ ಡೌಡ್. ಇಬ್ರೂ ಸೇರಿ ಬರೆದಿದ್ದಾ? (ಎಂ.ಕೆ., ಶಿರಸಿ)

ಸೇರಿ ಬರೆದಿದ್ದಲ್ಲ, ಅವರಿಬ್ರು ಭೇಟಿನೇ ಆಗಿರ್ಲಿಲ್ಲ. ಶಿವಾನ್ ಡೌಡ್ ಲಂಡನ್‌ನಲ್ಲಿ ಐರಿಷ್ ಅಪ್ಪ ಅಮ್ಮನಿಗೆ ಹುಟ್ಟಿದ ಲೇಖಕಿ. ಈ ಕಥೆಯ ಕಲ್ಪನೆ, ಪಾತ್ರಗಳು, ಶುರುವಿನ ಒಂದಿಷ್ಟು ಭಾಗ ಎಲ್ಲ ಅವರದು, ಅವರಿಗೇ ಬ್ರೆಸ್ಟ್ ಕ್ಯಾನ್ಸರ್ ಇತ್ತು, 2007ರ ಆಗಸ್ಟ್‌ನಲ್ಲಿ 47ನೇ ವಯಸ್ಸಿಗೇ ಹೋಗಿಬಿಟ್ರು. ಪ್ರಕಾಶಕರು ವಾಕರ್ ಬುಕ್ಸ್, ಅವರು ನೆಸ್‌ನ ಕರೆದು ಇದನ್ನ ನೀನು ಬರೀತೀಯಾ ಅಂದ್ರು. ಡೌಡ್ ಅವರ ಧಾಟಿ ಅನುಕರಣೆ ಮಾಡೋಕೆ ಹೋಗದೇ ನೆಸ್ ತನ್ನದೇ ರೀತಿಲಿ ಬರೆದ, 2011ಕ್ಕೆ ಪುಸ್ತಕ ಬಂತು. ಜಿಮ್ ಕೇ ಚಿತ್ರ ಬರೆದ. 2012ರಲ್ಲಿ ಬರವಣಿಗೆಗೆ ಕಾರ್ನೆಗಿ ಪದಕ, ಚಿತ್ರಗಳಿಗೆ ಗ್ರೀನವೇ ಪದಕ ಎರಡೂ ಇದಕ್ಕೇ ಬಂತು, ಒಂದೇ ಪುಸ್ತಕಕ್ಕೆ ಎರಡೂ ಬಂದಿದ್ದು ಅದೇ ಮೊದಲು.

ಒಂದು ಕ್ಷಣ ಯೋಚನೆ ಮಾಡಿ, ಕಾಯಿಲೆ ಬಿದ್ದ ತಾಯಿಯ ಕಥೆನ ಕಾಯಿಲೆ ಬಿದ್ದಿರೋ ಹೆಂಗಸೇ ಯೋಚಿಸ್ತಾ ಕೂತಿದಾರೆ, ಆದ್ರೆ ಕಥೆ ಹೇಳೋದಕ್ಕೆ ಅವರು ಆರಿಸ್ಕೊಂಡಿದ್ದು ಮಗನ ಕಣ್ಣನ್ನ. ಹಾಸಿಗೆಯಲ್ಲಿರೋರ ಕಷ್ಟ ಹೇಳೋ ಪುಸ್ತಕ ಬೇಕಾದಷ್ಟಿದೆ, ಬಾಗಿಲ ಹತ್ರ ನಿಂತು ನೋಡೋರ ಕಥೆ ಕಮ್ಮಿ.

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ, ದಪ್ಪ ದಪ್ಪ ಇಂಗ್ಲಿಷ್ ಫ್ಯಾಂಟಸಿ ಎಲ್ಲ ಓದ್ತಾಳೆ. ಇದನ್ನ ಕೊಡಬಹುದಾ, ಹೆದರಿಕೊಳ್ತಾಳಾ? (ಒಬ್ಬ ತಾಯಿ, ಮೈಸೂರು)

ಭಾಷೆ ಏನೂ ಕಷ್ಟ ಇಲ್ಲ, ಚಿತ್ರಗಳು ಕಪ್ಪು ಇಂಕಿನಲ್ಲಿ ಮುಳ್ಳು ಮುಳ್ಳಾಗಿವೆ, ಕೆಲವು ಮಕ್ಕಳು ರಾತ್ರಿ ಹೊತ್ತು ಆ ಪುಟ ಮುಚ್ಚಿಡ್ತಾರೆ. ಮೊದಲು ನೀವು ಓದಿ ಮೇಡಂ, ಒಂದು ಭಾನುವಾರ ಮಧ್ಯಾಹ್ನ ಸಾಕು, ಊಟ ಆದ್ಮೇಲೆ ಶುರು ಮಾಡಿದ್ರೆ ಸಂಜೆ ಕಾಫಿ ಹೊತ್ತಿಗೆ ಮುಗಿಯುತ್ತೆ (ಕಾಫಿ ಮಾತ್ರ ಬೇರೆಯವರಿಗೆ ಮಾಡೋಕೆ ಹೇಳಿ, ಕಣ್ಣು ಕೆಂಪಾಗಿರುತ್ತೆ). ಆಮೇಲೆ ಮಗಳ ಕೈಗೆ ಕೊಟ್ಟು ನೀವು ಅಲ್ಲೇ ಹತ್ರ ಇರಿ. ಮನೆಯಲ್ಲಿ ಸದ್ಯಕ್ಕೆ ಯಾರಿಗಾದ್ರೂ ಹುಷಾರಿಲ್ದೇ ಇದ್ರೆ ಮಾತ್ರ ಕೊಡಬೇಡಿ, ಅದು ಯಾಕೆ ಅಂತ ಕೆಳಗೆ ದಾವಣಗೆರೆಯವರಿಗೆ ಬರೆದಿದೀನಿ ನೋಡಿ.

ಪ್ರಶ್ನೆ: ಎರಡನೇ ಕಥೆಯಲ್ಲಿ ಮಾನ್‌ಸ್ಟರ್ ಪಾದ್ರಿ ಮನೆ ಕೆಡವುತ್ತೆ. ಔಷಧಿ ಕೊಡ್ದೇ ಮಕ್ಕಳನ್ನ ಸಾಯೋಕೆ ಬಿಟ್ಟಿದ್ದು ವೈದ್ಯ ಅಲ್ವಾ? ನನಗೆ ಸಿಟ್ಟೇ ಬಂತು. (ಬಿ.ಎ. ವಿದ್ಯಾರ್ಥಿ, ಕಲಬುರಗಿ)

ಸಿಟ್ಟು ಬರೋದು ಸರಿಯಾಗೇ ಇದೆ ತಮ್ಮಾ, ನಂಗೂ ಮೊದಲನೇ ಸಲ ಹಾಗೇ ಆಯ್ತು. ಓದದೇ ಇರೋರಿಗೋಸ್ಕರ ಹೇಳ್ತೀನಿ. ಒಬ್ಬ ಜಿಪುಣ, ಮುಂಗೋಪಿ ನಾಟಿ ವೈದ್ಯ, ಹಳೇ ಕಾಲದ ಗಿಡಮೂಲಿಕೆ ಔಷಧಿ ಮಾಡೋನು, ಪಾದ್ರಿಯ ಜಾಗದಲ್ಲಿರೋ ಯೂ ಮರ ಬೇಕು ಅಂತ ಕೇಳ್ತಾನೆ. ಪಾದ್ರಿ ಕೊಡಲ್ಲ, ಅಷ್ಟೇ ಅಲ್ಲ ಚರ್ಚಲ್ಲಿ ನಿಂತು ಅವನ ಔಷಧಿ ಸುಳ್ಳು ಅವನ ಹತ್ರ ಹೋಗ್ಬೇಡಿ ಅಂತ ಬೋಧನೆ ಮಾಡಿ ಅವನ ಹೊಟ್ಟೆ ಮೇಲೆ ಹೊಡೀತಾನೆ. ಆಮೇಲೆ ಪಾದ್ರಿಯ ಇಬ್ರು ಹೆಣ್ಣುಮಕ್ಕಳಿಗೇ ಕಾಯಿಲೆ ಬರುತ್ತೆ, ಓಡಿ ಬಂದು ಕಾಲಿಗೆ ಬೀಳ್ತಾನೆ, ಮರ ತಗೋ, ನಿನ್ನ ಪರವಾಗೇ ಬೋಧನೆ ಮಾಡ್ತೀನಿ, ನಾನು ನಂಬಿದ್ದೆಲ್ಲ ಬಿಡ್ತೀನಿ ಅಂತಾನೆ. ವೈದ್ಯ ಹಾಗಾದ್ರೆ ನನ್ನ ಕೈಯಲ್ಲಿ ಏನೂ ಆಗಲ್ಲ ಅಂದುಬಿಡ್ತಾನೆ. ಮಕ್ಕಳು ಸಾಯ್ತಾವೆ, ಆ ರಾತ್ರಿ ಯೂ ಮರ ಎದ್ದು ಬಂದು ಪಾದ್ರಿಯ ಮನೆ ನೆಲಸಮ ಮಾಡುತ್ತೆ.

ಮಾನ್‌ಸ್ಟರ್ ವಾದ ಏನಂದ್ರೆ ವೈದ್ಯ ಕೆಟ್ಟ ಮನುಷ್ಯನೇ ಇರಬಹುದು ಆದ್ರೆ ಊರಿನ ಜನರನ್ನ ಉಳಿಸ್ತಿದ್ದ, ಪಾದ್ರಿ ಸುಖವಾಗಿದ್ದಾಗ ಒಂದು ನಂಬಿಕೆ, ಕಷ್ಟ ಬಂದಾಗ ಅದನ್ನ ಮಾರೋಕೆ ತಯಾರು. ಇರಬಹುದು. ಆದ್ರೂ ಎರಡು ಹೆಣ್ಣುಮಕ್ಕಳು ಏನು ತಪ್ಪು ಮಾಡಿದ್ವು ಅಂತ ನಾನು ಈಗ್ಲೂ ಆ ಮರದ ಜೊತೆ ಜಗಳ ಆಡ್ತೀನಿ, ಮಕ್ಕಳಿಗೋಸ್ಕರ ನಂಬಿಕೆ ಬಿಡದೇ ಇರೋ ಅಪ್ಪ ಯಾರಿದಾನೆ ಹೇಳಿ. ಆದ್ರೆ ಕಥೆಗಿಂತ ಕಥೆ ಆದ್ಮೇಲೆ ಆಗೋದೇ ನಂಗೆ ಹೆಚ್ಚು. ಕಾನರ್ ಮಾನ್‌ಸ್ಟರ್ ಜೊತೆ ಸೇರಿ ಆ ಮನೆ ಕೆಡವ್ತಾನೆ, ಖುಷಿಯಿಂದ ಕೆಡವ್ತಾನೆ, ಎಚ್ಚರ ಆದಾಗ ನೋಡಿದ್ರೆ ಅಜ್ಜಿಯ ಮುಂದಿನ ಕೋಣೆ ಪೂರ್ತಿ ಪುಡಿ, ಅವಳು ಜೀವದ ಥರ ನೋಡ್ಕೊಳ್ತಿದ್ದ ಗಡಿಯಾರ ಸಮೇತ. ಅಜ್ಜಿ ಬರ್ತಾಳೆ. ಬೈಯಲ್ಲ ಹೊಡೆಯಲ್ಲ. ಬೀಳದೇ ಉಳಿದಿದ್ದ ಒಂದು ಕಪಾಟನ್ನ ಅವಳೇ ಎಳೆದು ಬೀಳಿಸಿ ರೂಮಿಗೆ ಹೋಗಿಬಿಡ್ತಾಳೆ. ಅಲ್ಲೀವರೆಗೂ ನಮಗೆ ಅವಳು ಕಾನರ್‌ನ ಅಜ್ಜಿ, ಆ ಕಪಾಟು ಬಿದ್ದ ಮೇಲೆ ಗೊತ್ತಾಗುತ್ತೆ ಸಾಯ್ತಿರೋಳು ಅವಳ ಮಗಳು ಅಂತ.

ಪ್ರಶ್ನೆ: ಕಥೆಯಲ್ಲಿ ಬರೋ ಯೂ ಮರದ ಔಷಧಿ ನಿಜವಾ? (ಫಾರ್ಮಸಿ ವಿದ್ಯಾರ್ಥಿ, ಬೆಳಗಾವಿ)

ನಿಜ. ನಿಮ್ಮ ಸಿಲಬಸ್‌ನಲ್ಲೇ ಇರುತ್ತಲ್ಲ ಪ್ಯಾಕ್ಲಿಟ್ಯಾಕ್ಸಲ್ ಅಂತ, ಟ್ಯಾಕ್ಸಾಲ್ ಅಂದ್ರೆ ಬೇಗ ಗೊತ್ತಾಗುತ್ತೆ. ಅಮೆರಿಕದ ಪಶ್ಚಿಮ ಕರಾವಳಿ ಕಾಡಿನ ಪೆಸಿಫಿಕ್ ಯೂ ಮರದ ತೊಗಟೆನ 1962ರಲ್ಲಿ ಅಲ್ಲಿನ ಸರ್ಕಾರದ ಕ್ಯಾನ್ಸರ್ ಔಷಧಿ ಹುಡುಕಾಟಕ್ಕೆ ಅಂತ ಕಿತ್ತು ತಂದ್ರು. ಅದರಿಂದ ಸತ್ವ ಬೇರ್ಪಡಿಸಿ ಅದರ ರಚನೆನ 1971ರಲ್ಲಿ ಪ್ರಕಟಿಸಿದ ತಂಡದಲ್ಲಿ ಮುಖ್ಯ ಆದೋರು ಇಬ್ರು, ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ಈ ವಾನಿ ಯಾರು ಗೊತ್ತಾ, ಮಹಾರಾಷ್ಟ್ರದ ನಂದೂರಬಾರ್‌ನಲ್ಲಿ ಹುಟ್ಟಿ ಮುಂಬೈನಲ್ಲಿ ಓದಿದೋರು. ಜೀವಕೋಶ ಎರಡಾಗಿ ಒಡೆಯೋವಾಗ ಒಳಗೆ ಸಣ್ಣ ಸಣ್ಣ ನಳಿಗೆಗಳು ಕಟ್ಟಿ ಮತ್ತೆ ಕಳಚಿಕೊಳ್ಳಬೇಕು, ಟ್ಯಾಕ್ಸಾಲ್ ಅವನ್ನ ಕಳಚೋಕೆ ಬಿಡಲ್ಲ, ಕೋಶ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಸಾಯುತ್ತೆ. ಇದನ್ನ 1979ರಲ್ಲಿ ತೋರಿಸಿಕೊಟ್ಟಿದ್ದು ಸೂಸನ್ ಹಾರ್ವಿಟ್ಜ್. 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ, 1994ರಲ್ಲಿ ಬ್ರೆಸ್ಟ್ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ತೊಗಟೆ ಸುಲಿದ್ರೆ ಮರ ಸಾಯುತ್ತೆ, ಒಬ್ಬ ಪೇಷಂಟಿಗೇ ಹಲವು ಮರ ಬೇಕಾಗ್ತಿತ್ತು, ಆಮೇಲೆ ಇಂಗ್ಲೆಂಡ್ ಕಡೆ ಬೆಳೆಯೋ ಯೂ ಮರದ ಎಲೆಯಿಂದ ಅರ್ಧ ತಯಾರಾದ ರಾಸಾಯನಿಕ ತೆಗೆದು ಮಿಕ್ಕಿದ್ದನ್ನ ಲ್ಯಾಬಲ್ಲಿ ಮಾಡೋ ದಾರಿ ಸಿಕ್ತು. ನಮ್ಮ ಹಿಮಾಲಯದ ಯೂ ಮರಗಳೂ ಇದೇ ಆಸೆಗೆ ತುಂಬ ಹಾಳಾಗಿವೆ.

ಮಲೆನಾಡಿಗೂ ಇದರ ನಂಟಿದೆ. ಅದೇ ವಾಲ್ ಮತ್ತು ವಾನಿ ಕ್ಯಾಂಪ್ಟೋಥೆಸಿನ್ ಅನ್ನೋ ಇನ್ನೊಂದು ಕ್ಯಾನ್ಸರ್ ನಿರೋಧಕ ಸತ್ವವನ್ನ ಚೀನಾ ಮೂಲದ ಮರದಲ್ಲಿ ಕಂಡುಹಿಡಿದ್ರು, ಅದು ಧಾರಾಳವಾಗಿ ಸಿಗೋ ಇನ್ನೊಂದು ಮರ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ, ಜನ ದುರ್ವಾಸನೆ ಮರ ಅಂತಾರೆ. ಅದನ್ನೂ ಕಡಿದು ಕಡಿದು ಮುಗಿಸೋ ಹಂತಕ್ಕೆ ತಂದಿದೀವಿ.

ಯೂ ಮರದ ವಿಚಿತ್ರ ಏನಂದ್ರೆ ಕೆಂಪು ಹಣ್ಣಿನ ತಿರುಳು ಒಂದು ಬಿಟ್ಟು ಮಿಕ್ಕಿದ್ದೆಲ್ಲ ವಿಷ, ಎಲೆ, ಬೀಜ, ತೊಗಟೆ ಎಲ್ಲ. ಇಂಗ್ಲೆಂಡಿನ ಹಳೇ ಚರ್ಚುಗಳ ಸ್ಮಶಾನದಲ್ಲಿ ನೂರಾರು ವರ್ಷದ್ದು ನಿಂತಿರುತ್ವೆ. ವಿಷ, ಔಷಧಿ, ಸ್ಮಶಾನ ಮೂರೂ ಒಂದೇ ಮರದಲ್ಲಿ ಸಿಗುವಾಗ ಕಥೆ ಬರೆಯೋರು ಬಿಡ್ತಾರಾ. ಕಾದಂಬರಿಲಿ ಅಮ್ಮನ ಕೊನೇ ಟ್ರೀಟ್‌ಮೆಂಟ್ ಯೂ ಮರದಿಂದ ಮಾಡಿದ ಔಷಧಿ ಅಂತ ಗೊತ್ತಾದಾಗ ಕಾನರ್‌ಗೆ ಎಲ್ಲ ಹೊಂದಿಕೊಂಡ ಹಾಗೆ ಅನ್ಸುತ್ತೆ, ಓ ಇದಕ್ಕೇ ಮಾನ್‌ಸ್ಟರ್ ಬಂದಿದ್ದು, ಅಮ್ಮನ್ನ ಉಳಿಸೋಕೆ ಅಂತ. ಓದೋ ನಮಗೂ ಹಾಗೇ ಅನ್ಸುತ್ತೆ. ಔಷಧಿ ಕೆಲಸ ಮಾಡಲ್ಲ. ನಾನು ಬಂದಿದ್ದು ಅವಳಿಗಲ್ಲ ನಿನಗೆ ಅನ್ನುತ್ತೆ ಮರ.

ಪ್ರಶ್ನೆ: ಕಥೆ ತಾನೇ ಮೇಡಂ, ಮರ ನಡ್ಕೊಂಡು ಬರಬಹುದಾದ್ರೆ ಅಮ್ಮ ಬದುಕಬಾರದಾ? (ಪಿಯುಸಿ ಹುಡುಗಿ, ಹಾಸನ)

ಬದುಕಿಸಿರೋ ಪುಸ್ತಕವೂ ಇದೆ ಪುಟ್ಟಾ. ಸಿ.ಎಸ್. ಲೂಯಿಸ್ 1955ರಲ್ಲಿ 'ದಿ ಮೆಜಿಶಿಯನ್ಸ್ ನೆಫ್ಯೂ' ಅಂತ ಬರೆದ, ನಾರ್ನಿಯಾ ಸರಣಿದು. ಅದರಲ್ಲಿ ಡಿಗರಿ ಅನ್ನೋ ಹುಡುಗನ ಅಮ್ಮ ಲಂಡನ್‌ನಲ್ಲಿ ಸಾಯೋ ಸ್ಥಿತಿಲಿ ಮಲಗಿರ್ತಾಳೆ, ಹುಡುಗ ಬೇರೆ ಲೋಕಕ್ಕೆ ಹೋಗಿ ಒಂದು ಸೇಬು ಕಿತ್ತು ತರಬೇಕಾಗುತ್ತೆ, ಮಾಟಗಾತಿ ಬಂದು ಇದನ್ನ ಕದ್ದು ಸೀದಾ ನಿಮ್ಮಮ್ಮನಿಗೆ ಕೊಡು ಅಂತ ಆಸೆ ಹುಟ್ಟಿಸ್ತಾಳೆ, ಅವನು ಕದಿಯಲ್ಲ. ಕೊನೆಗೆ ಸಿಂಹ ಅಸ್ಲಾನ್ ತಾನಾಗೇ ಒಂದು ಸೇಬು ಕೊಟ್ಟು ಕಳಿಸುತ್ತೆ, ಅಮ್ಮ ತಿಂತಾಳೆ, ಹುಷಾರಾಗ್ತಾಳೆ. ಓದಿದ್ರೆ ಎದೆ ಹಗುರ ಆಗುತ್ತೆ. ಈಗ ಇದನ್ನ ಕೇಳು. ಲೂಯಿಸ್‌ನ ಸ್ವಂತ ತಾಯಿ ಕ್ಯಾನ್ಸರ್‌ನಿಂದ 1908ರ ಆಗಸ್ಟ್ 23ಕ್ಕೆ ತೀರಿಕೊಂಡ್ರು, ಅವನಿಗೆ ಆಗ 9 ವರ್ಷ, ಅಮ್ಮ ಉಳೀಲಿ ಅಂತ ಪ್ರಾರ್ಥನೆ ಮಾಡಿ ಮಾಡಿ ಸೋತಿದ್ದ. ಐವತ್ತು ದಾಟಿದ ಮೇಲೆ ಕೂತು ಒಬ್ಬ ಹುಡುಗನಿಗೆ ತನಗೆ ಸಿಗದೇ ಇದ್ದ ಸೇಬು ಕೊಡಿಸಿದ.

ಎರಡನ್ನೂ ಓದು ಅಂತೀನಿ, ನಿಂಗೆ ಯಾವುದು ಬೇಕು ಅಂತ ನೀನೇ ಹೇಳು. ನಂಗೆ ಕೇಳಿದ್ರೆ, ಅಳು ಬಂದಾಗ ಲೂಯಿಸ್, ಅಳು ಬರದೇ ಗಂಟಲಲ್ಲೇ ನಿಂತುಬಿಟ್ಟಿದ್ದಾಗ ನೆಸ್.

ಪ್ರಶ್ನೆ: ನಮ್ಮ ಮಕ್ಕಳಿಗೆ ಧೈರ್ಯ ಕೊಡೋ ಕಥೆ ಬೇಕು. ಸಾವು ನೋವು ತುಂಬಿದ ಇಂಥ ವಿದೇಶಿ ಪುಸ್ತಕ ಯಾಕೆ ಶಿಫಾರಸು ಮಾಡ್ತೀರಿ? ನಮ್ಮ ಸಂಸ್ಕೃತಿಯಲ್ಲಿ ಮಕ್ಕಳ ಮುಂದೆ ಸಾವಿನ ಮಾತಾಡಲ್ಲ. (ನಿವೃತ್ತ ಶಿಕ್ಷಕರು, ಧಾರವಾಡ)

ಮೇಷ್ಟ್ರೇ, ನಮಸ್ಕಾರ. ನೀವೇ ಎಷ್ಟು ವರ್ಷ ಎಷ್ಟು ಬ್ಯಾಚ್ ಮಕ್ಕಳಿಗೆ ಪುಣ್ಯಕೋಟಿ ಪದ್ಯ ಬಾಯಿಪಾಠ ಮಾಡಿಸಿರ್ತೀರಿ ಲೆಕ್ಕ ಹಾಕಿ. ತಾಯಿ ಹಸು ಹುಲಿ ಬಾಯಿಗೆ ಹೋಗೋಕೆ ಮುಂಚೆ ದೊಡ್ಡಿಗೆ ಬಂದು ಕರುಗೆ ಏನು ಹೇಳುತ್ತೆ? ಮೇಯೋಕೆ ಹೋಗ್ತೀನಿ ಬೇಗ ಬರ್ತೀನಿ ಅನ್ನುತ್ತಾ? ಇಲ್ಲ, ಹುಲಿಗೆ ಮಾತು ಕೊಟ್ಟು ಬಂದಿದೀನಿ, ಇದು ಕೊನೇ ಸಲ ಅಂತ ಬಿಡಿಸಿ ಹೇಳುತ್ತೆ. ಕರು ನಾನು ಇನ್ಮೇಲೆ ಯಾರ ಹಾಲು ಕುಡೀಲಿ, ಯಾರ ಹತ್ರ ಮಲಗಲಿ ಅಂತ ಕೇಳುತ್ತೆ, ಅದನ್ನೂ ಕೇಳಿಸ್ಕೊಳ್ಳುತ್ತೆ. ಆಮೇಲೆ ಅಕ್ಕ ತಂಗಿಯರನ್ನೆಲ್ಲ ಕರೆದು ಈ ತಬ್ಬಲಿಯನ್ನ ನೋಡ್ಕೊಳ್ಳಿ ಅಂತ ಒಪ್ಪಿಸುತ್ತೆ. ಇದಕ್ಕಿಂತ ಸರಿಯಾಗಿ ಸಾಯೋ ತಾಯಿಯೊಬ್ಬಳು ಮಗುವಿಗೆ ವಿಷಯ ಹೇಳಿದ್ದನ್ನ ನಾನು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಓದಿಲ್ಲ. ನಾವು ಅದನ್ನ ಸತ್ಯವೇ ಭಗವಂತ ಅನ್ನೋದಕ್ಕೆ ಮಾತ್ರ ಇಟ್ಕೊಂಡಿದೀವಿ, ಹುಲಿಗೆ ಹೇಳಿದ ಸತ್ಯ ನೆನಪಿದೆ, ಕರುಗೆ ಹೇಳಿದ ಸತ್ಯ ಮರೆತಿದೀವಿ. ಮಕ್ಕಳ ಮುಂದೆ ಸಾವಿನ ಮಾತಾಡದೇ ಇರೋದು ನಮ್ಮ ಹಳೇ ಸಂಸ್ಕೃತಿ ಅಂತ ನಂಗೇನೂ ಅನ್ಸಲ್ಲ, ನರ್ಸಿಂಗ್ ಹೋಮು ಐಸಿಯು ಬಂದ ಮೇಲೆ ಕಲಿತಿರೋದು ಅನ್ಸುತ್ತೆ. ನೀವು ಒಪ್ಪದಿದ್ರೆ ಮತ್ತೆ ಬರೀರಿ, ನಿಮ್ಮ ಪತ್ರದ ಕೈಬರಹ ನೋಡೋಕೇ ಖುಷಿ.

ಪ್ರಶ್ನೆ: ನನ್ನ ಹೆಂಡತಿಗೆ ನಾಲ್ಕು ತಿಂಗಳ ಹಿಂದೆ ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾಯ್ತು, ಕೀಮೋ ನಡೀತಿದೆ, ಡಾಕ್ಟರ್ ಭರವಸೆ ಕೊಟ್ಟಿದಾರೆ. ಮಗನಿಗೆ 11 ವರ್ಷ. ಅವನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿದ್ವಿ, ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟಿದ್ದು ಅಂದ್ವಿ. ಈ ಪುಸ್ತಕ ತಂದುಕೊಟ್ರೆ ಅವನೇ ಅರ್ಥ ಮಾಡ್ಕೊಳ್ತಾನಾ? ನಮಗೆ ಬಾಯಿ ಬರ್ತಿಲ್ಲ. (ಹೆಸರು ಬೇಡ, ದಾವಣಗೆರೆ)

ಅಣ್ಣಾ, ಕೊಡಬೇಡಿ. ಮೊದಲನೇ ಕಾರಣ ತುಂಬ ಸರಳ, ಈ ಪುಸ್ತಕದಲ್ಲಿ ಅಮ್ಮ ಸಾಯ್ತಾಳೆ. ನಿಮ್ಮ ಮನೆಯವರು ಟ್ರೀಟ್‌ಮೆಂಟ್ ತಗೊಳ್ತಿದಾರೆ, ಬ್ರೆಸ್ಟ್ ಕ್ಯಾನ್ಸರ್ ಬಂದು ಹುಷಾರಾಗಿ ಮೊಮ್ಮಕ್ಕಳನ್ನ ಆಡಿಸ್ತಿರೋರು ನಿಮ್ಮ ಊರಲ್ಲೇ ಎಷ್ಟೋ ಜನ ಇರ್ತಾರೆ. ನೀವೇನೂ ಹೇಳದೇ ಈ ಪುಸ್ತಕ ಕೈಗಿಟ್ರೆ ಹುಡುಗನಿಗೆ ಹೋಗೋ ಸುದ್ದಿ ಯಾವುದು? ಇಲ್ಲದೇ ಇರೋ ಸುದ್ದಿ.

ಎರಡನೇದು, ಅವನಿಗೆ ಗೊತ್ತಿದೆ. ನಾನು ಎಂಟನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ಆಸ್ಪತ್ರೆ ಸೇರಿದ್ರು, ನಂಗೆ ಹೇಳಿದ್ದು ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋಗಿದಾರೆ ಅಂತ. ಆದ್ರೆ ಬೇರೆ ಊರಿಗೆ ಹೋದೋರ ಮನೆಗೆ ಯಾರಾದ್ರೂ ಹಾರ್ಲಿಕ್ಸ್ ಬಾಟಲು, ಮೂಸಂಬಿ ತಂದುಕೊಡ್ತಾರಾ? ನಾನು ಒಳಗೆ ಹೋದ ತಕ್ಷಣ ದೊಡ್ಡಮ್ಮ ಚಿಕ್ಕಮ್ಮ ಎಲ್ಲ ಮಾತು ನಿಲ್ಲಿಸಿ ಊಟ ಆಯ್ತೇನೇ ಅನ್ನೋರು. ಬಾಟಲು ಎಣಿಸಿ ಎಣಿಸಿ ಕಾಯಿಲೆ ಎಷ್ಟು ದೊಡ್ಡದು ಅಂತ ನಾನೇ ಲೆಕ್ಕ ಹಾಕ್ತಿದ್ದೆ, ಲೆಕ್ಕ ಯಾವಾಗ್ಲೂ ನಿಜಕ್ಕಿಂತ ದೊಡ್ಡದೇ ಬರ್ತಿತ್ತು. ಅಪ್ಪ ಎರಡು ತಿಂಗಳಿಗೆ ವಾಪಸ್ ಬಂದ್ರು. ಆ ಎರಡು ತಿಂಗಳಲ್ಲಿ ನಾನು ಅವರನ್ನ ಮನಸ್ಸಲ್ಲಿ ಹತ್ತು ಸಲ ಸಾಯಿಸಿದ್ದೆ, ಅದನ್ನ ಯಾರಿಗೂ ಹೇಳಿರ್ಲಿಲ್ಲ, ಇವತ್ತೇ ಹೇಳ್ತಿರೋದು.

ಕಾನರ್‌ನ ಗುಟ್ಟೂ ಇದೇ ಥರದ್ದು. ಕನಸಲ್ಲಿ ಅಮ್ಮ ಬಂಡೆ ಅಂಚಿಂದ ಬೀಳ್ತಿದಾಳೆ, ಅವನು ಕೈ ಹಿಡಿದಿದಾನೆ, ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಳ್ಳಬಹುದಾಗಿತ್ತು ಆದ್ರೆ ಬಿಟ್ಟುಬಿಡ್ತಾನೆ. ಯಾಕಂದ್ರೆ ಅಮ್ಮ ಉಳಿಯಲ್ಲ ಅಂತ ಅವನಿಗೆ ಶುರುವಿಂದ್ಲೂ ಗೊತ್ತು, ಕಾಯೋದು ಸಾಕಾಗಿದೆ, ಒಮ್ಮೆ ಮುಗೀಲಿ ಅಂತ ಅನ್ಸಿದೆ, ಹಾಗನ್ಸಿದ್ದಕ್ಕೇ ಅಮ್ಮ ಸಾಯ್ತಿದಾಳೆ ಅಂತ ನಂಬಿದಾನೆ. ಮನಸ್ಸಲ್ಲಿ ಒಂದೇ ಹೊತ್ತಿಗೆ ಎರಡು ವಿರುದ್ಧ ಆಸೆ ಇರಬಹುದು, ಅನ್ಸಿದ್ದರಿಂದ ಏನೂ ಆಗಲ್ಲ, ನೀನು ಏನು ಮಾಡ್ತೀಯೋ ಅದೇ ಲೆಕ್ಕ ಅಂತ ಮಾನ್‌ಸ್ಟರ್ ಹೇಳೋ ಜಾಗ ಅದು. ಬಹುಶಃ ನಿಮಗೂ ಆಸ್ಪತ್ರೆ ಕಾರಿಡಾರಲ್ಲಿ ಒಂದಲ್ಲ ಒಂದು ರಾತ್ರಿ ಇದೆಲ್ಲ ಒಮ್ಮೆ ಮುಗಿದ್ರೆ ಸಾಕಪ್ಪಾ ಅನ್ಸಿರುತ್ತೆ. ಹಾಗನ್ಸಿದ್ದಕ್ಕೆ ನೀವು ಕೆಟ್ಟ ಗಂಡ ಆಗಲ್ಲ.

ಹೇಗೆ ಹೇಳೋದು ಅಂತ ಕೇಳಿದ್ರೆ, ಹೆಂಡತಿ ಒಪ್ಪಿದ್ರೆ ಇಬ್ರೂ ಕೂತು, ಅವರಿಗೆ ಸ್ವಲ್ಪ ಚೇತರಿಕೆ ಇರೋ ದಿನ, ಸ್ಕೂಲ್ ಪರೀಕ್ಷೆ ಹಿಂದಿನ ದಿನ ಮಾತ್ರ ಬೇಡ. ಕಾಯಿಲೆ ಹೆಸರು ಹೇಳಿ, ಕ್ಯಾನ್ಸರ್ ಅಂತಲೇ, ಇಲ್ಲಾಂದ್ರೆ ಆ ಪದನ ಪಕ್ಕದ ಮನೆಯವರು ಹೇಳ್ತಾರೆ. ಕೂದಲು ಔಷಧಿಗೆ ಉದುರಿದ್ದು, ಕೀಮೋ ಮುಗಿದ ಮೇಲೆ ಮತ್ತೆ ಬೆಳೆಯುತ್ತೆ ಅನ್ನಿ, ಗ್ಯಾಸ್ಟ್ರಿಕ್ಕು ಮುಡಿ ಅಂತೆಲ್ಲ ಹೇಳಿದ್ದು ನಮಗೇ ಭಯ ಆಗಿ ಅಂತ ಒಪ್ಕೊಳ್ಳಿ. ಅವನು ಬಾಯಿಬಿಟ್ಟು ಕೇಳ್ಲಿ ಬಿಡ್ಲಿ ಮೂರು ವಿಷಯಕ್ಕೆ ಉತ್ತರ ಕೊಡಿ. ನೀನು ಏನೋ ಮಾಡಿದ್ದಕ್ಕೆ, ಹಟ ಮಾಡಿದ್ದಕ್ಕೆ ಇದು ಬಂದಿದ್ದಲ್ಲ. ಇದು ಅಂಟಲ್ಲ, ಅಮ್ಮನ್ನ ತಬ್ಬಿಕೊಳ್ಳಬಹುದು. ಅಮ್ಮ ಆಸ್ಪತ್ರೆಲಿದ್ದ ದಿನ ನಿಂಗೆ ಡಬ್ಬಿ ಕಟ್ಟೋರು, ಸ್ಕೂಲಿಂದ ಕರ್ಕೊಂಡು ಬರೋರು ಇಂಥೋರು ಅಂತ ಹೆಸರು ಹಿಡಿದು ಹೇಳಿ. ಅಮ್ಮ ಸಾಯ್ತಾಳಾ ಅಂತ ಕೇಳಿದ್ರೆ ಛೀ ಬಿಡ್ತು ಅನ್ನು ಅಂತ ಬಾಯಿ ಮುಚ್ಚಿಸಬೇಡಿ. ಹುಷಾರಾಗ್ಲಿ ಅಂತಲೇ ಔಷಧಿ ಕೊಡ್ತಿದಾರೆ, ಏನಾದ್ರೂ ಬದಲಾದ್ರೆ ನಿನಗೆ ನಾವೇ ಹೇಳ್ತೀವಿ ಅನ್ನಿ, ಹಾಗೇ ನಡ್ಕೊಳ್ಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೌನ್ಸೆಲರ್ ಇರ್ತಾರೆ, ಕೇಳಿದ್ರೆ ಸಹಾಯ ಮಾಡ್ತಾರೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಫೋನು ನಿಮಗೋಸ್ಕರವೂ ಮಾಡಬಹುದು.

ಪ್ರಶ್ನೆ: ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗನ ತಂದೆ ತುಂಬ ಕಾಯಿಲೆ ಇದಾರೆ. ಅವನನ್ನ ಬೈಯೋಕೆ ಮನಸ್ಸು ಬರಲ್ಲ, ಹೋಂವರ್ಕ್ ಕೇಳೋದೂ ಬಿಟ್ಟಿದೀನಿ. ಸರಿನಾ? (ಶಿಕ್ಷಕಿ, ಚಿತ್ರದುರ್ಗ)

ಮೂರನೇ ಕಥೆ ಓದಿ ಟೀಚರ್. ಯಾರ ಕಣ್ಣಿಗೂ ಬೀಳದ ಮನುಷ್ಯ ಒಬ್ಬ, ಅವನು ಅದೃಶ್ಯ ಆಗಿದ್ದಲ್ಲ, ಜನ ನೋಡದೇ ಇರೋದಕ್ಕೆ ಒಗ್ಗಿಹೋಗಿದ್ರು. ಕಾನರ್ ಸ್ಕೂಲಲ್ಲಿ ಒಬ್ಬನನ್ನ ಆಸ್ಪತ್ರೆ ಸೇರೋ ಹಾಗೆ ಹೊಡೀತಾನೆ, ಆಗ್ಲೂ ಹೆಡ್‌ಮಿಸ್ಟ್ರೆಸ್ ಪಾಪ ನಿನ್ನ ಪರಿಸ್ಥಿತಿ ಅಂತ ಶಿಕ್ಷೆ ಕೊಡಲ್ಲ, ಅವನಿಗೆ ಅದೇ ದೊಡ್ಡ ಏಟು. ಹೋಂವರ್ಕ್ ಕೇಳಿ. ಮಾಡಿಲ್ಲ ಅಂದ್ರೆ ಎಲ್ರಿಗೂ ಬೈಯೋ ಅಷ್ಟು ಬೈಯಿರಿ, ಟೈಮ್ ಬೇಕಾದ್ರೆ ಎರಡು ದಿನ ಜಾಸ್ತಿ ಕೊಡಿ. ಬೆಳಿಗ್ಗೆ ತಿಂಡಿ ತಿಂದು ಬಂದಿದಾನಾ ಅಂತ ಮಾತ್ರ ಯಾರಿಗೂ ಕೇಳಿಸದ ಹಾಗೆ ಕೇಳಿ. ಮಾನ್‌ಸ್ಟರ್ ಮೊದಲ ಸಲ ಬಂದು ಹೋದ ರಾತ್ರಿ ಕಳೆದು ಬೆಳಿಗ್ಗೆ ನಾವು ನೋಡೋದೇ ಕಾನರ್ ತನ್ನ ತಿಂಡಿ ತಾನೇ ಮಾಡ್ಕೊಂಡು, ಪಾತ್ರೆ ಮಷೀನಿಗೆ ಹಾಕಿ, ಕಸ ಹೊರಗಿಟ್ಟು ಸ್ಕೂಲಿಗೆ ಹೊರಡೋದನ್ನ.

ಪ್ರಶ್ನೆ: ಸಿನಿಮಾ ನೋಡಿದ್ರೆ ಸಾಕಾ? (ವಿ., ಮಂಗಳೂರು)

2016ರದ್ದು, ಬಯೋನಾ ಅನ್ನೋ ಸ್ಪೇನಿನ ನಿರ್ದೇಶಕ, ಮರಕ್ಕೆ ಲಿಯಾಮ್ ನೀಸನ್ ದನಿ. ಕಥೆಗಳು ಬಣ್ಣ ನೀರಲ್ಲಿ ಕರಗೋ ಹಾಗೆ ಅನಿಮೇಷನ್‌ನಲ್ಲಿ ಬರುತ್ತೆ, ಅಷ್ಟಕ್ಕಾದ್ರೂ ನೋಡಿ. ಆದ್ರೆ ಸಿನಿಮಾದ ಕೊನೆಗೆ ಹುಡುಗನಿಗೆ ಅಮ್ಮನ ಹಳೇ ಚಿತ್ರದ ಪುಸ್ತಕ ಸಿಗುತ್ತೆ, ಅದರಲ್ಲಿ ಆ ಮರವೇ ಇರುತ್ತೆ. ಪುಸ್ತಕದಲ್ಲಿ ಇದಿಲ್ಲ, ಇರದೇ ಇದ್ದಿದ್ದೇ ಒಳ್ಳೇದಾಯ್ತು. ಅಲ್ಲಿ ಕಾನರ್ ಆಸ್ಪತ್ರೆಲಿ ಅಮ್ಮನ್ನ ಗಟ್ಟಿಯಾಗಿ ಹಿಡ್ಕೊಂಡಿರ್ತಾನೆ, ಮಾನ್‌ಸ್ಟರ್ ಬೆನ್ನ ಹಿಂದೆ ನಿಂತಿರುತ್ತೆ, 12:07 ಆಗೋಕೆ ಇನ್ನು ಕೆಲವೇ ನಿಮಿಷ. ಅಷ್ಟೇ.

ಪ್ರಶ್ನೆ: ಆಂಟಿ, ನಮ್ಮ ಮನೆ ಹಿಂದೆ ಹುಣಸೆ ಮರ ಇದೆ. ಅದು ಎದ್ದು ಬಂದ್ರೆ ಯಾವ ಕಥೆ ಹೇಳುತ್ತೆ? (6ನೇ ತರಗತಿ, ಚಿಂತಾಮಣಿ)

ಹುಣಸೆ ಮರ ಅಂದ್ರೆ ನಮ್ಮ ಕಡೆ ಮೊದಲೇ ಹೆಸರು ಕೆಡಿಸ್ಕೊಂಡಿದೆ, ಎಲ್ಲ ದೆವ್ವನೂ ಅದರ ಮೇಲೇ ಹಾಕ್ತಾರೆ, ಹಾಗಾಗಿ ಮೊದಲನೇ ಕಥೆ ನನ್ನದೇನೂ ತಪ್ಪಿಲ್ಲ ಅಂತಲೇ ಇರುತ್ತೆ ಅನ್ಸುತ್ತೆ. ಎರಡನೇದು ನಿಮ್ಮಜ್ಜಿ ಚಿಕ್ಕವರಿದ್ದಾಗ ಅಲ್ಲಿ ಏನು ಮಾಡಿದ್ರು ಅನ್ನೋದು, ಅದನ್ನ ಅಜ್ಜಿ ಹತ್ರನೇ ಕೇಳಿ ಸರಿಯಾ ತಪ್ಪಾ ನೋಡು. ಮೂರನೇದು ನಂಗೆ ಗೊತ್ತಾಗ್ತಿಲ್ಲ, ನೀನೇ ಬರೆದು ಕಳಿಸು, ಎರಡು ಪುಟಕ್ಕಿಂತ ಜಾಸ್ತಿ ಬೇಡ, ಹಾಳೆಯ ಒಂದೇ ಕಡೆ ಬರಿ. ನಾಲ್ಕನೇದನ್ನ ನಂಗೆ ಕಳಿಸೋದು ಬೇಡ. ಮತ್ತೆ ರಾತ್ರಿ 12:07ಕ್ಕೆ ಪರೀಕ್ಷೆ ಮಾಡೋಕೆ ಅಂತ ಹಿತ್ತಲಿಗೆ ಹೋಗ್ಬೇಡ ಮಾರಾಯಾ, ದೆವ್ವ ಇಲ್ಲದಿದ್ರೂ ಹಾವು ಇರುತ್ತೆ.